ನಡುರಾತ್ರಿಯ ಎಚ್ಚರ: ಮಾತ್ರೆ ಬೇಕಾದ ಕಾಯಿಲೆಯೇ, ದೇಹದ ಸಹಜ ನಡೆಯೇ?

ಮಲ್ಲಿಗೆಬಳ್ಳಿ, ಹಾಸನ

ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮನಿಗೆ ಅರವತ್ತೆಂಟು ವರ್ಷ. ರಾತ್ರಿ ಎಂಟಕ್ಕೆ ಊಟ ಮುಗಿಸಿ ಒಂಬತ್ತಕ್ಕೆ ಮಲಗಿದರೆ ಒಡನೆಯೇ ನಿದ್ದೆ ಹತ್ತುತ್ತದೆ. ಎರಡು ಗಂಟೆಯ ಆಸುಪಾಸಿಗೆ ಎಚ್ಚರ. ಆಮೇಲೆ ಗಂಟೆ, ಒಂದೂವರೆ ಗಂಟೆ ಮಗ್ಗಲು ಬದಲಿಸುತ್ತಾ ಮಲಗಿರುತ್ತಾರೆ. ಮತ್ತೆ ಕಣ್ಣು ಹತ್ತಿದರೆ ಐದೂವರೆಗೆ ಏಳುತ್ತಾರೆ. ಹಗಲು ಹೂವಿನ ಗಿಡ, ದೇವಸ್ಥಾನ, ಮೊಮ್ಮಕ್ಕಳ ಪಾಠ ಎಂದು ಚುರುಕಾಗಿಯೇ ಇರುತ್ತಾರೆ. ಆದರೆ ಈ ಎಚ್ಚರ ಮನೆಯಲ್ಲಿ ದೊಡ್ಡ ವಿಷಯವಾಗಿಬಿಟ್ಟಿದೆ. ಬಂದವರೆಲ್ಲ "ನಿಮಗೆ ನಿದ್ದೆಯೇ ಬರುವುದಿಲ್ಲವಂತೆ" ಎಂದು ಕೇಳುತ್ತಾರೆ. ಅಮ್ಮನೂ ಈಗ ಸಂಜೆಯಿಂದಲೇ "ಇವತ್ತು ಏನಾಗುತ್ತದೋ" ಎನ್ನಲು ಶುರುಮಾಡಿದ್ದಾರೆ. ಪಕ್ಕದ ಮನೆಯವರು ತಮ್ಮ ನಿದ್ದೆ ಮಾತ್ರೆಯಲ್ಲಿ ಅರ್ಧ ಮುರಿದು ಕಾಗದದಲ್ಲಿ ಸುತ್ತಿ ಕೊಟ್ಟಿದ್ದಾರೆ. ಅದನ್ನು ಅಮ್ಮನಿಗೆ ಕೊಡಲು ನನಗೆ ಧೈರ್ಯವಿಲ್ಲ.

ಹಿಂದಿನ ಕಾಲದವರು ರಾತ್ರಿಯಲ್ಲಿ ಎರಡು ಸಲ ಮಲಗುತ್ತಿದ್ದರು, ನಡುವೆ ಏಳುವುದೇ ಸಹಜ ಎಂದು ಎಲ್ಲೋ ಓದಿದ ನೆನಪು. ಅದು ನಿಜವೇ? ನಿಜವಾದರೆ ಅಮ್ಮನಿಗೆ ಧೈರ್ಯ ಹೇಳುತ್ತೇನೆ. ಇಲ್ಲವಾದರೆ ಯಾರಿಗೆ ತೋರಿಸಬೇಕು?

ಇತಿಹಾಸ ಮೇಷ್ಟ್ರು, ಬೇಲೂರು

ನೀವು ಓದಿದ್ದಕ್ಕೆ ಗಟ್ಟಿ ಆಧಾರವಿದೆ, ತಾಯಿ. ಅಮೆರಿಕದ ಇತಿಹಾಸಕಾರ ರೋಜರ್ ಎಕರ್ಚ್ 2001ರಲ್ಲಿ ಪ್ರಕಟಿಸಿದ ಸಂಶೋಧನೆ ಅದು. ಯುರೋಪಿನ ಹಳೆಯ ನ್ಯಾಯಾಲಯದ ಹೇಳಿಕೆಗಳು, ದಿನಚರಿಗಳು, ವೈದ್ಯರ ಬರಹಗಳನ್ನು ಜಾಲಾಡಿದಾಗ 'ಮೊದಲ ನಿದ್ದೆ', 'ಎರಡನೆಯ ನಿದ್ದೆ' ಎಂಬ ಮಾತುಗಳು ಮತ್ತೆ ಮತ್ತೆ ಸಿಕ್ಕವು. ಯಾರೂ ಅದನ್ನು ವಿವರಿಸಲು ಹೋಗಿರಲಿಲ್ಲ, ಎಲ್ಲರಿಗೂ ಗೊತ್ತಿರುವ ಸಂಗತಿ ಎಂಬಂತೆ ಬರೆದಿದ್ದರು. ಕತ್ತಲಾದ ಸ್ವಲ್ಪ ಹೊತ್ತಿಗೆ ಮಲಗಿ, ನಡುರಾತ್ರಿಯ ಹೊತ್ತಿಗೆ ಎದ್ದು, ಪ್ರಾರ್ಥನೆ ಮಾಡಿ, ಒಲೆಗೆ ಸೌದೆ ಹಾಕಿ, ಗಂಡ ಹೆಂಡತಿ ಮಾತನಾಡಿಕೊಂಡು, ಮತ್ತೆ ಮಲಗುತ್ತಿದ್ದರಂತೆ.

ಇದು ಕ್ರಮೇಣ ಮರೆಯಾಗಲು ಬೆಳಕು ಒಂದು ಮುಖ್ಯ ಕಾರಣ. ಪ್ಯಾರಿಸ್ಸಿನ ಬೀದಿಗಳಿಗೆ 1667ರಲ್ಲಿ ದೀಪ ಬಂದಿತು, ಲಂಡನ್ನಿನ ಬೀದಿಯೊಂದರಲ್ಲಿ 1807ರಲ್ಲಿ ಅನಿಲದೀಪ ಉರಿಯಿತು. ಮಲಗುವ ಹೊತ್ತು ತಡವಾಗುತ್ತಾ ಹೋಗಿ, ಎರಡು ನಿದ್ದೆಗಳು ಒಂದಕ್ಕೊಂದು ಅಂಟಿಕೊಂಡವು. ನಮ್ಮಲ್ಲಿ ಬೆಂಗಳೂರಿಗೆ ಶಿವನಸಮುದ್ರದ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಹಳ್ಳಿಗಳಿಗೆ ಇನ್ನೂ ಎಷ್ಟೋ ದಶಕಗಳ ನಂತರ. ನಮ್ಮ ಅಜ್ಜ ಅಜ್ಜಿಯರು ಬುಡ್ಡಿ ದೀಪದಲ್ಲಿ ಬೆಳೆದವರು.

ಇನ್ನೊಂದು ಪುರಾವೆಯೂ ಇದೆ. ಅಮೆರಿಕದ ಮನೋವೈದ್ಯ ಥಾಮಸ್ ವೆಹರ್ ಆರೋಗ್ಯವಂತರನ್ನು ನಾಲ್ಕು ವಾರ ಪ್ರತಿದಿನ 14 ಗಂಟೆ ಕತ್ತಲಲ್ಲಿ ಇರಿಸಿದರು. 1992ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಮೊದಲು ಅವರು ಬಾಕಿ ತೀರಿಸುವವರಂತೆ ಉದ್ದಕ್ಕೆ ಮಲಗಿದರು. ಆಮೇಲೆ ಅವರ ನಿದ್ದೆ ತಾನಾಗಿಯೇ ಎರಡು ಭಾಗವಾಯಿತು, ನಡುವೆ ಒಂದರಿಂದ ಮೂರು ಗಂಟೆ ಶಾಂತವಾದ ಎಚ್ಚರ. ಹಾಗಾಗಿ ನಿಮ್ಮ ತಾಯಿಯವರದು ಕಾಯಿಲೆಯೇ ಅಲ್ಲ, ಮರೆತುಹೋದ ಹಳೆಯ ಕ್ರಮ ಎಂದೇ ನನ್ನ ನಂಬಿಕೆ.

ರಾಗಿಹೊಲ, ಆಲೂರು

ಮೇಷ್ಟ್ರೇ, ನೀವು ಹೇಳಿದ್ದು ತಿಳಿಯಿತು. ಆದರೆ ನಮ್ಮ ಕಡೆಯ ರಾತ್ರಿಯ ಎಚ್ಚರಕ್ಕೆ ಇಷ್ಟು ಚೆಂದದ ಹೆಸರು ಕೊಡಬೇಡಿ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಹನ್ನೊಂದಕ್ಕೋ ಒಂದಕ್ಕೋ ಏಳಬೇಕು. ಟಾರ್ಚು ಹಿಡಿದು ಮೋಟಾರಿನ ಮನೆಗೆ ಹೋಗಿ, ಸ್ಟಾರ್ಟರ್ ಒತ್ತಿ, ನೀರು ಎಲ್ಲಿ ಒಡೆದುಕೊಂಡಿದೆ ಎಂದು ಬದುವಿನ ಮೇಲೆ ನಡೆದು ನೋಡಬೇಕು. ಭತ್ತ ಹಣ್ಣಾಗುವ ಹೊತ್ತಿಗೆ ಆನೆ. ಊರಿನ ಗುಂಪಿನಲ್ಲಿ "ಕೆರೆಯ ಹಿಂದೆ ಇವೆ" ಎಂದು ಸಂದೇಶ ಬಂದರೆ ಆ ರಾತ್ರಿ ಮನೆಯವರು ಯಾರೂ ಮಲಗುವುದಿಲ್ಲ. ನಾಯಿ ಬೊಗಳಿದ ದಿಕ್ಕನ್ನೇ ಕೇಳುತ್ತಾ ಕುಳಿತಿರುತ್ತೇವೆ. ಬೆಳಗಾದರೆ ಹಾಲು ಕರೆಯಬೇಕು, ಡೇರಿಗೆ ಹಾಕಬೇಕು.

ತಾನಾಗಿ ಆಗುವ ಎಚ್ಚರ ಬೇರೆ, ಎಬ್ಬಿಸಿದ ಎಚ್ಚರ ಬೇರೆ. "ರೈತರಿಗೆ ಇದು ಅಭ್ಯಾಸ" ಎಂದು ಯಾರಾದರೂ ಹೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅಭ್ಯಾಸವಾಗಿಲ್ಲ. ನಮ್ಮ ಊರಿನಲ್ಲಿ ನಲವತ್ತಕ್ಕೇ ಬಿ.ಪಿ. ಮಾತ್ರೆ ನುಂಗುವವರು ಎಷ್ಟು ಜನ ಎಂದು ಬಂದು ನೋಡಿ.

ವೈದ್ಯ, ಚಿಕ್ಕಮಗಳೂರು

ಆಲೂರಿನವರ ಮಾತನ್ನು ಮೊದಲು ಎತ್ತಿಹಿಡಿಯುತ್ತೇನೆ. ಸದಾ ಒಡೆಯುವ, ಸಾಲದ ನಿದ್ದೆಯಿಂದ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚುತ್ತದೆ. ಅದಕ್ಕೆ ಪರಿಹಾರ ವೈದ್ಯರ ಕೈಯಲ್ಲಿ ಅರ್ಧವೂ ಇಲ್ಲ, ಹಗಲು ಕರೆಂಟು ಕೊಡುವವರ ಕೈಯಲ್ಲಿದೆ.

ಈಗ ಮಲ್ಲಿಗೆಬಳ್ಳಿಯವರ ಪ್ರಶ್ನೆಗೆ ಬರೋಣ. ಇಡೀ ರಾತ್ರಿ ಒಂದೇ ಆಳದಲ್ಲಿ ಯಾರೂ ಮಲಗುವುದಿಲ್ಲ. ನಿದ್ದೆ ನಮ್ಮ ಮಲೆನಾಡಿನ ಮಳೆಯ ಹಾಗೆ: ಹೊಯ್ಯುತ್ತದೆ, ತೆಳುವಾಗುತ್ತದೆ, ಮತ್ತೆ ಹೊಯ್ಯುತ್ತದೆ. ಹೆಚ್ಚುಕಡಿಮೆ 90 ನಿಮಿಷಕ್ಕೊಂದು ಸುತ್ತು, ರಾತ್ರಿಗೆ ನಾಲ್ಕರಿಂದ ಆರು ಸುತ್ತು. ಪ್ರತಿ ಸುತ್ತಿನಲ್ಲಿ ಹಗುರ ನಿದ್ದೆ, ಗಾಢ ನಿದ್ದೆ, ಕೊನೆಗೆ ಕನಸಿನ ನಿದ್ದೆ. ಈ ಕೊನೆಯದರಲ್ಲಿ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ವೇಗವಾಗಿ ಓಡುತ್ತಿರುತ್ತದೆ. ಇದನ್ನು 1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಲೋಕಕ್ಕೆ ತಿಳಿಸಿದರು. ಸುತ್ತಿನಿಂದ ಸುತ್ತಿಗೆ ದಾಟುವಾಗ ಎಲ್ಲರೂ ಒಂದಿಷ್ಟು ಎಚ್ಚರಗೊಳ್ಳುತ್ತಾರೆ, ಮಗ್ಗಲು ಬದಲಿಸುತ್ತಾರೆ, ಹೊದಿಕೆ ಎಳೆದುಕೊಳ್ಳುತ್ತಾರೆ. ಒಂದೆರಡು ನಿಮಿಷದ ಆ ಎಚ್ಚರ ಬೆಳಿಗ್ಗೆ ನೆನಪಿರುವುದಿಲ್ಲ.

ಎರಡು ಗಂಟೆಯೇ ಏಕೆ ಎಂದು ಹಲವರು ಕೇಳುತ್ತಾರೆ. ಗಾಢ ನಿದ್ದೆಯ ಹೆಚ್ಚು ಪಾಲು ರಾತ್ರಿಯ ಮೊದಲ ಮೂರನೇ ಒಂದು ಭಾಗದಲ್ಲೇ ಮುಗಿಯುತ್ತದೆ. ದಿನವಿಡೀ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಕೂಡುತ್ತಾ ಬರುತ್ತದೆ, ಅದೇ ನಿದ್ದೆಯ ಒತ್ತಡ. ನಾಲ್ಕೈದು ಗಂಟೆ ಮಲಗಿದ ಮೇಲೆ ಆ ಒತ್ತಡ ಬಹಳಷ್ಟು ಇಳಿದಿರುತ್ತದೆ. ಒಂಬತ್ತಕ್ಕೆ ಮಲಗಿದವರಿಗೆ ಎರಡು ಗಂಟೆ ಎಂದರೆ ಸರಿಯಾಗಿ ಆ ಹೊತ್ತು. ಅಲ್ಲಿಂದಾಚೆ ನಮ್ಮನ್ನು ಮಲಗಿಸಿಡುವುದು ದೇಹದ ಒಳಗಡಿಯಾರ ಮತ್ತು ಕತ್ತಲಲ್ಲಿ ಸ್ರವಿಸುವ ಮೆಲಟೋನಿನ್ ಎಂಬ ಹಾರ್ಮೋನು. ವಯಸ್ಸಾದಂತೆ ಗಾಢ ನಿದ್ದೆ ಕಡಿಮೆಯಾಗುತ್ತದೆ, ಒಳಗಡಿಯಾರವೂ ಮುಂದಕ್ಕೆ ಸರಿಯುತ್ತದೆ (ಬೇಗ ನಿದ್ದೆ, ಬೇಗ ಎಚ್ಚರ), ಎಚ್ಚರಗಳು ಹೆಚ್ಚುತ್ತವೆ.

ನಿಮ್ಮ ಅಮ್ಮನ ಲೆಕ್ಕ ಹಾಕಿ. ಒಂಬತ್ತರಿಂದ ಎರಡು, ಐದು ಗಂಟೆ. ಮೂರೂವರೆಯಿಂದ ಐದೂವರೆ, ಎರಡು ಗಂಟೆ. ಒಟ್ಟು ಏಳು. ಅರವತ್ತೈದು ದಾಟಿದವರಿಗೆ ಏಳರಿಂದ ಎಂಟು ಗಂಟೆ ಸಾಕು ಎಂಬುದು ಈಗಿನ ಸಾಮಾನ್ಯ ಸಲಹೆ. ಹಗಲು ಚುರುಕಾಗಿದ್ದಾರೆ ಎಂದು ನೀವೇ ಬರೆದಿದ್ದೀರಿ. ನಿದ್ದೆಯ ಪ್ರಮಾಣ ಕಡಿಮೆಯಾದಂತೆ ಕಾಣುವುದಿಲ್ಲ. ನನಗೆ ಕಾಳಜಿ ಹುಟ್ಟಿಸಿದ್ದು ನಿಮ್ಮ ಇನ್ನೊಂದು ಸಾಲು: ಸಂಜೆಯಿಂದಲೇ "ಇವತ್ತು ಏನಾಗುತ್ತದೋ" ಎನ್ನುವುದು. ಎಚ್ಚರಕ್ಕಿಂತ ಎಚ್ಚರದ ಭಯ ಹೆಚ್ಚು ಹೊತ್ತು ಕಣ್ಣು ತೆರೆಸಿಡುತ್ತದೆ.

ಆ ಅರ್ಧ ಮಾತ್ರೆಯನ್ನು ದಯವಿಟ್ಟು ಕೊಡಬೇಡಿ.

ಆಕಾಶ ನೋಡುವವ, ತರೀಕೆರೆ

ಮೇಷ್ಟ್ರು ಹೇಳಿದ ಇತಿಹಾಸವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ಎತ್ತಿ ತಂದು ಹಾಸನಕ್ಕೆ ಹೊಂದಿಸುವ ಮೊದಲು ಭೂಪಟ ನೋಡಬೇಕು. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುವವನು, ಇದು ಮಕ್ಕಳಿಗೆ ಪ್ರತಿವರ್ಷ ಹೇಳುವ ಪಾಠ. ಲಂಡನ್ನಿನಲ್ಲಿ ಡಿಸೆಂಬರಿನ ರಾತ್ರಿ ಸುಮಾರು 16 ಗಂಟೆ. ಹಾಸನ, ಚಿಕ್ಕಮಗಳೂರು ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿಯ ಆಸುಪಾಸಿನಲ್ಲಿ. ಇಲ್ಲಿ ಸೂರ್ಯ ಮುಳುಗಿ ಹುಟ್ಟುವ ನಡುವಿನ ಹೊತ್ತು ಜೂನ್‌ನಲ್ಲಿ ಹನ್ನೊಂದು ಗಂಟೆಗೆ ತುಸು ಹೆಚ್ಚು, ಡಿಸೆಂಬರಿನಲ್ಲಿ ಹನ್ನೆರಡೂವರೆ ಗಂಟೆಗೆ ತುಸು ಹೆಚ್ಚು. ಅಷ್ಟೇ. ವೆಹರ್ ಅವರ 14 ಗಂಟೆಯ ಕತ್ತಲು ನಮ್ಮ ಜಿಲ್ಲೆಗಳ ಮೇಲೆ ಎಂದೂ ಕವಿಯುವುದಿಲ್ಲ. ಹದಿನಾರು ಗಂಟೆಯ ಕತ್ತಲಿದ್ದರೆ ಎಂಟು ಗಂಟೆಯ ನಿದ್ದೆ ಎರಡು ತುಂಡಾಗಲು ಜಾಗವಿದೆ. ನಮ್ಮಲ್ಲಿ ಅಷ್ಟು ಜಾಗವೇ ಇಲ್ಲ.

ನಮಗೆ ಹತ್ತಿರದ ಸಾಕ್ಷ್ಯ ಬೇರೆ ಕಡೆ ಇದೆ. ಅಮೆರಿಕದ ನಿದ್ದೆ ಸಂಶೋಧಕ ಜೆರೋಮ್ ಸೀಗಲ್ ಮತ್ತು ಸಂಗಡಿಗರು ಕರೆಂಟು ಕಾಣದ ಮೂರು ಸಮುದಾಯಗಳವರ ನಿದ್ದೆಯನ್ನು ಕೈಗಡಿಯಾರದಂಥ ಸಾಧನ ಕಟ್ಟಿ ಅಳೆದು 2015ರಲ್ಲಿ ಪ್ರಕಟಿಸಿದರು: ಟಾಂಜಾನಿಯಾದ ಹಾಡ್ಜಾ, ನಮೀಬಿಯಾದ ಸಾನ್, ಬೊಲಿವಿಯಾದ ಚಿಮಾನೆ. ಮೂವರೂ ಉಷ್ಣವಲಯದ ಆಸುಪಾಸಿನವರು. ಅವರು ಸೂರ್ಯ ಮುಳುಗಿ ಸರಾಸರಿ ಮೂರು ಗಂಟೆಗೂ ಹೆಚ್ಚು ಹೊತ್ತು ಕಳೆದ ಮೇಲೆ ಮಲಗುತ್ತಿದ್ದರು. ನಿದ್ದೆಯ ಸರಾಸರಿ 5.7ರಿಂದ 7.1 ಗಂಟೆ. ನಡುರಾತ್ರಿ ಉದ್ದಕ್ಕೆ ಎದ್ದು ಕೂರುವ ಕ್ರಮ ಅವರಲ್ಲಿ ಕಾಣಲಿಲ್ಲ. ಗಾಳಿಯ ಶಾಖ ಇಳಿಯುತ್ತಿರುವಾಗ ಮಲಗಿ, ಅದು ಅತ್ಯಂತ ಕಡಿಮೆಯಾಗುವ ಹೊತ್ತಿಗೆ ಏಳುತ್ತಿದ್ದರು. ಎರಡು ನಿದ್ದೆಯೇ ಮನುಷ್ಯನ ಮೂಲ ಕ್ರಮ ಎಂದು ಹೇಳಲು ಇದರ ಮೇಲೆ ಬರುವುದಿಲ್ಲ.

ಇತಿಹಾಸ ಮೇಷ್ಟ್ರು, ಬೇಲೂರು

ರಾತ್ರಿಯ ಉದ್ದದ ಮಾತು ತೂಕದ್ದು. ಒಪ್ಪುತ್ತೇನೆ, ನಮ್ಮ ಕತ್ತಲು ಯುರೋಪಿನ ಕತ್ತಲಲ್ಲ. ಆದರೆ ಅದೇ ಹಾಡ್ಜಾ ಜನರ ಮೇಲೆ 2017ರಲ್ಲಿ ಬಂದ ಇನ್ನೊಂದು ಅಧ್ಯಯನವನ್ನೂ ನೋಡಿ. ಮೂವತ್ತಮೂರು ವಯಸ್ಕರನ್ನು 20 ದಿನ ಗಮನಿಸಿದಾಗ ಎಲ್ಲರೂ ಒಟ್ಟಿಗೆ ನಿದ್ದೆಯಲ್ಲಿದ್ದದ್ದು ಬರೀ 18 ನಿಮಿಷ. ಹಿರಿಯರು ಬೇಗ ಮಲಗಿ ಬೇಗ ಏಳುತ್ತಾರೆ, ಹರೆಯದವರು ತಡವಾಗಿ ಮಲಗುತ್ತಾರೆ, ನಡುನಡುವೆ ಒಬ್ಬರಲ್ಲ ಒಬ್ಬರು ಎಚ್ಚರವಿರುತ್ತಾರೆ. ಗುಂಪಿಗೆ ಅದೇ ಕಾವಲು ಎಂಬುದು ಆ ಸಂಶೋಧಕರ ವಾದ. ಮನೆಯಲ್ಲಿ ಅಜ್ಜಿ ಎರಡಕ್ಕೆ ಎದ್ದಿರುವುದು, ಮೊಮ್ಮಗ ಹನ್ನೆರಡರವರೆಗೆ ಮಲಗದಿರುವುದು ಎರಡಕ್ಕೂ ಇದರಲ್ಲಿ ಸ್ಥಾನವಿದೆ.

ಆಕಾಶ ನೋಡುವವ, ತರೀಕೆರೆ

ಇದನ್ನು ಒಪ್ಪಲು ನನಗೆ ಕಷ್ಟವಿಲ್ಲ. ಒಬ್ಬೊಬ್ಬರ ನಿದ್ದೆ ಒಂದೊಂದು ಹೊತ್ತಿಗೆ ಎನ್ನುವುದು ನಿಜ. "ಎಲ್ಲರೂ ಎರಡು ಸಲ ಮಲಗಬೇಕು" ಎನ್ನುವುದು ಅದರಿಂದ ಬರುವುದಿಲ್ಲ ಎಂದಷ್ಟೇ ನನ್ನ ತಕರಾರು. ಮೊಬೈಲಿನಲ್ಲಿ ಇದನ್ನು ನೋಡಿ ಹುಡುಗರು ಬೇಕೆಂದೇ ನಡುರಾತ್ರಿಗೆ ಅಲಾರಂ ಇಡಲು ಶುರುಮಾಡಿದ್ದಾರೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಾಮಸ್ಮರಣೆ, ಶೃಂಗೇರಿ

ಆ ಹೊತ್ತಿಗೆ ಎಚ್ಚರವಾಗುವುದು ದೈವಕೃಪೆ. ಅದು ಬ್ರಾಹ್ಮೀ ಮುಹೂರ್ತ. ತಾಯಿಯವರು ಎದ್ದು ಸ್ನಾನ ಮಾಡಿ ಜಪಕ್ಕೆ ಕೂರಲಿ.

ವೈದ್ಯ, ಚಿಕ್ಕಮಗಳೂರು

ಬ್ರಾಹ್ಮೀ ಮುಹೂರ್ತ ಸೂರ್ಯೋದಯಕ್ಕೆ 96 ನಿಮಿಷ ಮೊದಲು ಶುರುವಾಗಿ 48 ನಿಮಿಷ ಇರುತ್ತದೆ. ನಮ್ಮ ಕಡೆ ಅದು ನಾಲ್ಕೂವರೆಗೂ ಐದೂಕಾಲಿಗೂ ನಡುವೆ ಶುರುವಾಗುತ್ತದೆ. ಎರಡು ಗಂಟೆಗೆ ಎದ್ದು ತಣ್ಣೀರೋ ಬಿಸಿನೀರೋ ಸುರಿದುಕೊಂಡು, ದೀಪ ಹಚ್ಚಿ ದಿನವನ್ನೇ ಶುರುಮಾಡಿದರೆ ಒಳಗಡಿಯಾರ ಇನ್ನೂ ಮುಂದಕ್ಕೆ ಓಡುತ್ತದೆ. ಮಲಗಿದಲ್ಲಿಯೇ ಮನಸ್ಸಿನಲ್ಲಿ ನಾಮಸ್ಮರಣೆ ಮಾಡುವುದಾದರೆ ಬಹಳ ಒಳ್ಳೆಯದು. ನಿಧಾನವಾದ ಉಸಿರು, ಒಂದೇ ಲಯ, ಚಿಂತೆಗೆ ಜಾಗವಿಲ್ಲ. ಚರಕರು ಆಹಾರ, ನಿದ್ರೆ, ಬ್ರಹ್ಮಚರ್ಯ ಈ ಮೂರನ್ನು ದೇಹದ ಆಧಾರವೆಂದರು. ನಿದ್ದೆಗೆ ಅಷ್ಟು ದೊಡ್ಡ ಸ್ಥಾನ ಕೊಟ್ಟ ಪರಂಪರೆ ನಮ್ಮದು.

ರೊಬಸ್ಟಾ ತೋಟ, ಮೂಡಿಗೆರೆ

ಇಷ್ಟು ಜನ ಬರೆದರು, ಕಾಫಿಯ ಮಾತನ್ನೇ ಯಾರೂ ಎತ್ತಲಿಲ್ಲ. ಬೆಳೆಯುವವನು ನಾನೇ, ಆದ್ದರಿಂದ ನಾನೇ ಹೇಳುತ್ತೇನೆ. ಕೆಫೀನ್ ಮಾಡುವುದು ಇಷ್ಟೇ: ಡಾಕ್ಟರು ಹೇಳಿದ ಅಡಿನೋಸಿನ್ ಮಿದುಳಿನಲ್ಲಿ ಕೂರುವ ಜಾಗವನ್ನು ತಾನು ಹಿಡಿದುಕೊಳ್ಳುತ್ತದೆ. ದಣಿವು ಅಲ್ಲಿಯೇ ಇರುತ್ತದೆ, ನಮಗೆ ತಿಳಿಯುವುದಿಲ್ಲ. ಕುಡಿದದ್ದರಲ್ಲಿ ಅರ್ಧ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು, ಬಸುರಿಯರಲ್ಲಿ ಇನ್ನೂ ಹೆಚ್ಚು. ಸಂಜೆ ಆರಕ್ಕೆ ಕುಡಿದ ಲೋಟದ ಅರ್ಧ ಹನ್ನೊಂದಕ್ಕೂ ಒಳಗೇ ಇರುತ್ತದೆ. ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡರೂ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾಗುತ್ತದೆ ಎಂದು 2013ರ ಒಂದು ಅಧ್ಯಯನ ತೋರಿಸಿತು. ಅದು ದೊಡ್ಡ ಪ್ರಮಾಣ, ಹಲವು ಲೋಟಗಳಷ್ಟು. ಆದರೆ ನಮ್ಮ ಮನೆಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಂದವರಿಗೆ ಕೊಡುತ್ತಾ ತಾವೂ ಕುಡಿಯುವ ಹಿರಿಯರಿದ್ದಾರೆ.

ಪುಡಿಯನ್ನೂ ನೋಡಿ. ಅರೇಬಿಕಾಗಿಂತ ರೊಬಸ್ಟಾದಲ್ಲಿ ಕೆಫೀನ್ ಹತ್ತಿರಹತ್ತಿರ ಎರಡರಷ್ಟು. ಚಿಕೋರಿಯಲ್ಲಿ ಕೆಫೀನೇ ಇಲ್ಲ. ಹಾಗಾಗಿ "ನಾನು ಒಂದೇ ಲೋಟ ಕುಡಿಯುವುದು" ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ, ಯಾವ ಪುಡಿ, ಎಷ್ಟು ಡಿಕಾಕ್ಷನ್ ಎಂದು ಕೇಳಬೇಕು.

ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುತ್ತೇವೆ. ರಾತ್ರಿ ಗಾಳಿ ಕಡಿಮೆ, ನೀರು ಆರಿಹೋಗುವುದಿಲ್ಲ ಎಂದು ಹೆಚ್ಚಾಗಿ ಕತ್ತಲಲ್ಲೇ ಕೆಲಸ. ಜೆಟ್ ನಿಲ್ಲಿಸಿ, ಒದ್ದೆ ಪೈಪನ್ನು ಹೆಗಲ ಮೇಲೆ ಹೊತ್ತು, ಮುಂದಿನ ಸಾಲಿಗೆ ಜೋಡಿಸಿ ಮತ್ತೆ ಬಿಡಬೇಕು. ಪಂಪಿನ ಬಳಿ ಬೆಂಕಿ, ಅದರ ಮೇಲೆ ಬೆಲ್ಲದ ಕಾಫಿಯ ಪಾತ್ರೆ, ಪ್ರತಿ ಸಲ ಪೈಪು ಬದಲಿಸಿ ಬಂದಾಗ ಒಂದೊಂದು ಲೋಟ. ಬೆಳಿಗ್ಗೆ ಎಂಟಕ್ಕೆ ಮನೆಗೆ ಹೋಗಿ ಮಲಗಿದರೆ ಆಳುಗಳಿಗೆ ನಿದ್ದೆ ಬರುವುದಿಲ್ಲ ಎನ್ನುತ್ತಾರೆ, ಬರುವುದಾದರೂ ಹೇಗೆ? ಈಗ ನಮ್ಮ ತೋಟದಲ್ಲಿ ಎರಡು ಗಂಟೆಯ ನಂತರ ಕಾಫಿ ಕೊಡುವುದಿಲ್ಲ. ಶುಂಠಿ, ಬೆಲ್ಲ, ಕಾಳುಮೆಣಸು ಹಾಕಿದ ಕಷಾಯ ಕೊಡುತ್ತೇವೆ. ಹುಡುಗರು ಮೊದಲು ಗೊಣಗಿದರು, ಈಗ ಅವರೇ ಕೇಳಿ ಕುಡಿಯುತ್ತಾರೆ.

ಮೂರನೇ ಪಾಳಿ, ಅರಸೀಕೆರೆ

ರಾತ್ರಿ ಪಾಳಿಯವರಿಗೆ ಈ ಚರ್ಚೆಯಲ್ಲಿ ಒಂದು ಸಾಲಾದರೂ ಇರಲಿ. ಪಾಳಿ ಮುಗಿಸಿ ಬರುವಾಗ ಬಿಸಿಲು ಮುಖಕ್ಕೆ ಬೀಳದಂತೆ ಕಪ್ಪು ಕನ್ನಡಕ, ಮಲಗುವ ಕೋಣೆಯ ಕಿಟಕಿಗೆ ದಪ್ಪ ಪರದೆ, ಬಾಗಿಲ ಮೇಲೆ ಕರೆಗಂಟೆ ಒತ್ತಬೇಡಿ ಎಂಬ ಚೀಟಿ. ನನಗೆ ಕೆಲಸಕ್ಕೆ ಬಂದದ್ದು ಇವು ಮೂರೇ. ನಾಲ್ಕು ಗಂಟೆಯ ಹೊತ್ತಿಗೆ ಮೈ ತಣ್ಣಗಾಗಿ ಕಣ್ಣು ಎಳೆಯುತ್ತದೆ. ಆಗ ಬೈಕ್ ಹತ್ತಿ ಮನೆಗೆ ಹೊರಡಬೇಡಿ, ಇಪ್ಪತ್ತು ನಿಮಿಷವಾದರೂ ಮಲಗಿ ಹೊರಡಿ.

ನರ್ಸಕ್ಕ, ಸಕಲೇಶಪುರ

ಆ ಅರ್ಧ ಮಾತ್ರೆಯ ಬಗ್ಗೆ ನಾನೂ ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ವಾರ್ಡಿನಲ್ಲಿ ಸೊಂಟದ ಮೂಳೆ ಮುರಿದು ಬಂದ ಅಜ್ಜಿಯರನ್ನು ವರ್ಷಗಟ್ಟಲೆ ನೋಡಿದ್ದೇನೆ. ಕಥೆ ಒಂದೇ. ರಾತ್ರಿ ಮೂತ್ರಕ್ಕೆ ಎದ್ದರು. ನಮ್ಮ ಹಳೆಯ ಮನೆಗಳಲ್ಲಿ ಬಚ್ಚಲು ಹಿಂದೆ, ಎರಡು ಮೆಟ್ಟಿಲು ಇಳಿಯಬೇಕು, ಮಳೆಗಾಲದಲ್ಲಿ ಕಲ್ಲು ಪಾಚಿ ಕಟ್ಟಿರುತ್ತದೆ. ಮಗನಿಗೆ ಎಚ್ಚರವಾಗಬಾರದೆಂದು ದೀಪ ಹಾಕಲಿಲ್ಲ. ಕಾಲಿನಲ್ಲಿ ಚಪ್ಪಲಿ ಹುಡುಕುವಾಗಲೇ ತಲೆ ತಿರುಗಿತು. ಇದಕ್ಕೆ ನಿದ್ದೆ ಮಾತ್ರೆಯ ಮಂಪರು ಸೇರಿದರೆ ಏನಾಗುತ್ತದೆ ಯೋಚಿಸಿ. ಆಲ್‌ಪ್ರಜೋಲಾಂನಂಥ ಮಾತ್ರೆಗಳು ವಯಸ್ಸಾದವರಲ್ಲಿ ಬೀಳುವ ಅಪಾಯ ಹೆಚ್ಚಿಸುತ್ತವೆ, ಮರೆವು ತರುತ್ತವೆ, ಒಗ್ಗಿಹೋದರೆ ಬಿಡುವುದು ಕಷ್ಟ. ಹಾಗೆಂದು ಈಗಾಗಲೇ ಬಹಳ ಕಾಲದಿಂದ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ಇವತ್ತೇ ನಿಲ್ಲಿಸಬೇಡಿ. ಒಮ್ಮೆಲೇ ಬಿಟ್ಟರೆ ನಡುಕ, ಗಾಬರಿ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು.

ಅಕ್ಕ, ಅಮ್ಮನ ಮಂಚದಿಂದ ಬಚ್ಚಲಿನವರೆಗೆ ನೆಲದ ಮಟ್ಟದಲ್ಲಿ ಮಂದವಾದ ಹಳದಿ ದೀಪ ಹಾಕಿಸಿ. ಎದ್ದ ತಕ್ಷಣ ನಿಲ್ಲಬಾರದು, ಮಂಚದ ಅಂಚಿನಲ್ಲಿ ಒಂದು ನಿಮಿಷ ಕಾಲು ಇಳಿಬಿಟ್ಟು ಕುಳಿತು ಆಮೇಲೆ ಏಳಲಿ. ಇನ್ನೊಂದು ವಿಷಯ ಕೇಳಿ ತಿಳಿದುಕೊಳ್ಳಿ: ಎಚ್ಚರವಾದ ಮೇಲೆ ಮೂತ್ರಕ್ಕೆ ಹೋಗುತ್ತಾರೆಯೋ, ಮೂತ್ರ ಒತ್ತಿಬಂದು ಎಚ್ಚರವಾಗುತ್ತದೆಯೋ? ಎರಡನೆಯದಾದರೆ ಸಕ್ಕರೆ ಪರೀಕ್ಷೆ ಮಾಡಿಸಿ. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಅದನ್ನು ಯಾವ ಹೊತ್ತಿನಲ್ಲಿ ನುಂಗುತ್ತಾರೆ ಎಂದು ನೋಡಿ. ಸಂಜೆಯವರೆಗೆ ಪಾದ ಊದುವವರಿಗೆ ಮಲಗಿದ ಮೇಲೆ ಆ ನೀರು ರಕ್ತಕ್ಕೆ ಮರಳಿ ರಾತ್ರಿ ಮೂತ್ರವಾಗುತ್ತದೆ. ಅಂಥವರು ಸಂಜೆ ಸ್ವಲ್ಪ ಹೊತ್ತು ಕಾಲು ಎತ್ತರಿಸಿ ಮಲಗಿದರೆ ರಾತ್ರಿಯ ಓಡಾಟ ಕಡಿಮೆಯಾಗುತ್ತದೆ.

ಹಸಿಬಾಣಂತಿ, ಕೊಪ್ಪ

ನನ್ನ ಮಗುವಿಗೆ ಇನ್ನೂ ಎರಡು ತಿಂಗಳು ತುಂಬಿಲ್ಲ. ಎರಡು ಮೂರು ಗಂಟೆಗೊಮ್ಮೆ ಏಳುತ್ತದೆ. "ಹಾಲು ಸಾಲುತ್ತಿಲ್ಲ, ಡಬ್ಬದ ಹಾಲು ಕೊಡು, ರಾತ್ರಿಯಿಡೀ ಮಲಗುತ್ತದೆ" ಎಂದು ಅತ್ತೆಯವರ ಕಡೆಯವರು ಹೇಳುತ್ತಿದ್ದಾರೆ. ಏನು ಮಾಡಲಿ?

ನರ್ಸಕ್ಕ, ಸಕಲೇಶಪುರ

ತೂಕ ಏರುತ್ತಿದೆಯೇ, ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದೆಯೇ ನೋಡಿ. ಹಾಗಿದ್ದರೆ ಹಾಲು ಸಾಲುತ್ತಿದೆ. ಆ ವಯಸ್ಸಿನ ಕೂಸಿಗೆ ಹಗಲು ರಾತ್ರಿಯ ಒಳಗಡಿಯಾರವೇ ಇನ್ನೂ ಕೂಡಿಬಂದಿರುವುದಿಲ್ಲ, ಹಸಿದಾಗಲೆಲ್ಲ ಏಳುವುದೇ ಅದರ ಧರ್ಮ. ರಾತ್ರಿಯ ತಾಯಿಹಾಲಿನಲ್ಲಿ ಮೆಲಟೋನಿನ್ ಇರುತ್ತದೆ, ಹಗಲಿನ ಹಾಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ರಾತ್ರಿ ಹಾಲೂಡುವಾಗ ದೊಡ್ಡ ದೀಪ ಬೇಡ, ಮಾತು ಬೇಡ. ನಿಮ್ಮ ಬಗ್ಗೆಯೂ ಒಂದು ಮಾತು ತಂಗಿ: ಮಗು ಮಲಗಿದಾಗಲೂ ನಿಮಗೆ ನಿದ್ದೆ ಬಾರದೆ, ಅಳು, ಭಯ ತುಂಬಿಬರುತ್ತಿದ್ದರೆ ಅದನ್ನು ಬಾಣಂತನದ ಆಯಾಸ ಎಂದು ನುಂಗಿಕೊಳ್ಳಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ, ಅಥವಾ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಮಲ್ಲಿಗೆಬಳ್ಳಿ, ಹಾಸನ

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಇವತ್ತು ಮಧ್ಯಾಹ್ನ ಅಮ್ಮನ ಜೊತೆ ಕುಳಿತು ಎಲ್ಲವನ್ನೂ ಕೇಳಿದೆ. ಮೂತ್ರದ ಒತ್ತಡದಿಂದ ಏಳುವುದಿಲ್ಲವಂತೆ, ಎದ್ದ ಮೇಲೆ ಒಮ್ಮೆ ಹೋಗಿಬರುತ್ತಾರೆ. ಸಂಜೆ ಐದಕ್ಕೆ ಒಂದು ಲೋಟ ಕಾಫಿ ಇದೆ. ನಾನು ಗಮನಿಸದೇ ಇದ್ದದ್ದು ಒಂದು ಇದೆ: ಏಳೂವರೆಗೆ ಧಾರಾವಾಹಿ ಹಾಕಿಕೊಂಡು ಕುರ್ಚಿಯಲ್ಲೇ ತೂಕಡಿಸುತ್ತಾರೆ, ಊಟಕ್ಕೆ ಕರೆದಾಗ ಎಚ್ಚರ. ಎರಡು ಗಂಟೆಗೆ ಎದ್ದಾಗ ಏನು ಯೋಚನೆ ಬರುತ್ತದೆ ಎಂದು ಕೇಳಿದೆ. "ಯೋಚನೆ ಏನಿಲ್ಲ, ಗಡಿಯಾರ ನೋಡುತ್ತೇನೆ, ಇನ್ನು ಮೂರೂವರೆ ಗಂಟೆ ಹೇಗೆ ಕಳೆಯಲಿ ಎನ್ನಿಸುತ್ತದೆ" ಎಂದರು. ಡಾಕ್ಟರೇ, ಆ ಹೊತ್ತಿನಲ್ಲಿ ಏನು ಮಾಡಬೇಕು ಎಂದು ಹೇಳಿ.

ವೈದ್ಯ, ಚಿಕ್ಕಮಗಳೂರು

ಉತ್ತರದ ಅರ್ಧವನ್ನು ನಿಮ್ಮ ತಾಯಿಯೇ ಕೊಟ್ಟಿದ್ದಾರೆ. ಮೊದಲ ಕೆಲಸ, ಆ ಗಡಿಯಾರವನ್ನು ಕೋಣೆಯಿಂದ ತೆಗೆಯಿರಿ. ಬೆಳಿಗ್ಗೆ ಐದೂವರೆಗೆ ನೀವೇ ಹೋಗಿ ಎಬ್ಬಿಸುತ್ತೀರಿ ಎಂದು ಹೇಳಿ, ಹೊತ್ತು ನೋಡುವ ಅಗತ್ಯವೇ ಇರುವುದಿಲ್ಲ.

ಎರಡನೆಯದು ಕುರ್ಚಿಯ ತೂಕಡಿಕೆ. ಅದು ನಿದ್ದೆಯೇ. ರಾತ್ರಿಗೆಂದು ಕೂಡಿಟ್ಟ ಒತ್ತಡ ಅಲ್ಲಿ ಖರ್ಚಾಗುತ್ತಿದೆ. ಏಳೂವರೆಯ ಹೊತ್ತಿಗೆ ಅವರಿಗೆ ಓಡಾಡುವ ಕೆಲಸ ಇರಲಿ, ಮೊಮ್ಮಕ್ಕಳ ಪಾಠವನ್ನು ಆ ಹೊತ್ತಿಗೆ ಸರಿಸಿ. ಮಲಗುವುದನ್ನು ಒಂಬತ್ತರಿಂದ ನಿಧಾನವಾಗಿ ಹತ್ತಕ್ಕೆ ತನ್ನಿ. ಏಳೇ ಗಂಟೆ ನಿದ್ದೆ ಬೇಕಾದ ದೇಹವನ್ನು ಎಂಟೂವರೆ ಗಂಟೆ ಹಾಸಿಗೆಯಲ್ಲಿ ಇಟ್ಟರೆ ಉಳಿದ ಒಂದೂವರೆ ಗಂಟೆ ಎಚ್ಚರವಾಗಿಯೇ ಹೊರಬರುತ್ತದೆ. ಏಳುವ ಹೊತ್ತು ಮಾತ್ರ ಎಂದಿಗೂ ಬದಲಾಗಬಾರದು, ಹಿಂದಿನ ರಾತ್ರಿ ಹೇಗೇ ಇರಲಿ. ಬೆಳಿಗ್ಗೆ ಹೂವಿನ ಗಿಡದ ಬಳಿ ಬಿಸಿಲಿನಲ್ಲಿ ಅರ್ಧ ಗಂಟೆ ಕಳೆಯಲಿ, ಒಳಗಡಿಯಾರ ಸರಿಯಾಗುವುದು ಬೆಳಕಿನಿಂದ. ವಯಸ್ಸಾದವರ ಗಡಿಯಾರವನ್ನು ಹಿಂದಕ್ಕೆ ತಳ್ಳಲು ಸಂಜೆಯ ಬೆಳಕೂ ಒಳ್ಳೆಯದು, ಐದೂವರೆಗೆ ಅಂಗಳದಲ್ಲಿ ನಡೆಯಲಿ. ಸಂಜೆಯ ಕಾಫಿಯನ್ನು ಮಧ್ಯಾಹ್ನಕ್ಕೆ ತನ್ನಿ.

ಎಚ್ಚರವಾದಾಗ ಮಲಗಿದಲ್ಲೇ ಹಾಯೆನಿಸಿದರೆ ಮಲಗಿರಲಿ. ಕಿರಿಕಿರಿ ಶುರುವಾಗಿ, ಅಂದಾಜು ಇಪ್ಪತ್ತು ನಿಮಿಷವಾಯಿತು ಎನ್ನಿಸಿದರೆ ಎದ್ದು ಪಕ್ಕದ ಕೋಣೆಯಲ್ಲಿ ಕೂರಲಿ. ಮಂದ ದೀಪ, ಮೊಬೈಲು ಟಿ.ವಿ. ಬೇಡ. ಬತ್ತಿ ಹೊಸೆಯುವುದು, ಹೂ ಕಟ್ಟುವುದು, ಗೊತ್ತಿರುವ ದೇವರನಾಮವನ್ನು ಮೆಲ್ಲಗೆ ಹೇಳಿಕೊಳ್ಳುವುದು, ಇಂಥದ್ದು ಯಾವುದಾದರೂ ಸರಿ. ರೆಪ್ಪೆ ಭಾರವಾದಾಗ ಹಾಸಿಗೆಗೆ ಮರಳಲಿ. ಹಾಸಿಗೆ ಎಂದರೆ ಒದ್ದಾಟ ಎಂದು ಮನಸ್ಸು ಕಲಿತಿರುತ್ತದೆ, ಅದನ್ನು ಬಿಡಿಸುವ ಕ್ರಮ ಇದು. ರಿಚರ್ಡ್ ಬೂಟ್ಜಿನ್ ಎಂಬ ಮನೋವಿಜ್ಞಾನಿ 1972ರಲ್ಲಿ ಇದನ್ನು ರೂಪಿಸಿದರು. ಈಗ ಇದು ಬಹುಕಾಲದ ನಿದ್ರಾಹೀನತೆಗೆ ಕೊಡುವ ಯೋಚನೆ-ನಡವಳಿಕೆಯ ಚಿಕಿತ್ಸೆಯ ಒಂದು ಭಾಗ. ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಆ ಚಿಕಿತ್ಸೆಯನ್ನೇ ಮಾತ್ರೆಗಿಂತ ಮೊದಲು ಕೊಡಬೇಕೆಂದು ಹೇಳಿತು. ಮೊದಲ ಕೆಲವು ದಿನ ಹಗಲು ಸ್ವಲ್ಪ ತೂಕಡಿಕೆ ಬರುತ್ತದೆ, ಅದಕ್ಕೆ ಹೆದರಿ ಬಿಡಬೇಡಿ.

ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಅದು ಮೂರು ತಿಂಗಳು ನಡೆದು, ಹಗಲಿನ ಕೆಲಸಕ್ಕೂ ತೊಂದರೆಯಾಗುತ್ತಿದ್ದರೆ ಅದನ್ನು ಕಾಯಿಲೆ ಎನ್ನುತ್ತೇವೆ. ನಸುಕಿನಲ್ಲೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದೆ, ಯಾವುದರಲ್ಲೂ ಆಸೆಯಿಲ್ಲದಂತಾದರೆ ಖಿನ್ನತೆ ಇರಬಹುದು, ಅಂಥವರನ್ನು ಮನೋವೈದ್ಯರಿಗೆ ತೋರಿಸಬೇಕು. ನಿಮ್ಮ ತಾಯಿಯವರಲ್ಲಿ ಇದಾವುದೂ ನನಗೆ ಕಾಣುತ್ತಿಲ್ಲ.

ಮನೆಗೆ ಬಂದವರು "ನಿದ್ದೆಯೇ ಇಲ್ಲವಂತೆ" ಎಂದು ಶುರುಮಾಡಿದರೆ ಮಾತು ತಿರುಗಿಸಿ. ಇದನ್ನೂ ಚಿಕಿತ್ಸೆಯೆಂದೇ ಹೇಳುತ್ತಿದ್ದೇನೆ.

ತೆಂಗಿನತೋಟ, ಕಡೂರು

ಎಲ್ಲವನ್ನೂ ಓದಿದೆ. ಹಾಗಾದರೆ ನಮ್ಮ ತಂದೆಯವರದೂ ಸಹಜವೇ ಇರಬೇಕು. ವಯಸ್ಸು ಐವತ್ತೈದು, ಸ್ವಲ್ಪ ದಪ್ಪ. ಗೊರಕೆ ಬೀದಿಗೆ ಕೇಳುತ್ತದೆ, ನಡುವೆ ಒಮ್ಮೊಮ್ಮೆ ನಿಂತುಹೋಗಿ ಆಮೇಲೆ ಉಸಿರು ಎಳೆದುಕೊಂಡು ಏಳುತ್ತಾರೆ. ರಾತ್ರಿಗೆ ಮೂರು ಸಲ ಮೂತ್ರಕ್ಕೆ ಹೋಗುತ್ತಾರೆ. ಹಗಲು ಕುಳಿತಲ್ಲೇ ನಿದ್ದೆ, ಮೊನ್ನೆ ಸ್ಕೂಟರಿನಲ್ಲಿ ಸಿಗ್ನಲ್ ಬಳಿ ತೂಕಡಿಸಿದರಂತೆ. ಅವರೂ ಮಲಗುವುದನ್ನು ತಡ ಮಾಡಿದರೆ ಸರಿಹೋಗುತ್ತದೆಯೇ?

ವೈದ್ಯ, ಚಿಕ್ಕಮಗಳೂರು

ಇಲ್ಲ. ಇದು ಬೇರೆಯೇ ವಿಷಯ, ದಯವಿಟ್ಟು ತಡ ಮಾಡಬೇಡಿ. ಮಲಗಿದಾಗ ಗಂಟಲಿನ ದಾರಿ ಮುಚ್ಚಿ ಉಸಿರು ನಿಲ್ಲುವ ಕಾಯಿಲೆಯ ಎಲ್ಲ ಲಕ್ಷಣಗಳೂ ನೀವು ಬರೆದದ್ದರಲ್ಲಿವೆ. ಉಸಿರು ಕಟ್ಟಿದಾಗ ಹೃದಯದ ಮೇಲೆ ಬೀಳುವ ಒತ್ತಡದಿಂದ ಮೂತ್ರ ಹೆಚ್ಚಿಸುವ ಹಾರ್ಮೋನು ಹೊರಬರುತ್ತದೆ, ರಾತ್ರಿಯ ಮೂತ್ರಕ್ಕೆ ಅದೂ ಕಾರಣವಿರಬಹುದು. ಇಂಥವರಿಗೆ ನಿದ್ದೆ ಮಾತ್ರೆಯೂ ಮದ್ಯವೂ ಅಪಾಯ, ಎರಡೂ ಗಂಟಲಿನ ಸ್ನಾಯುವನ್ನು ಇನ್ನಷ್ಟು ಸಡಿಲಿಸುತ್ತವೆ. ಚಿಕಿತ್ಸೆ ಇದೆ: ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಬೇಕಾದರೆ ಮೂಗಿಗೆ ಗಾಳಿ ಒತ್ತುವ ಯಂತ್ರ. ಅದನ್ನು ನಿರ್ಧರಿಸಲು ಒಂದು ರಾತ್ರಿಯ ನಿದ್ದೆ ಪರೀಕ್ಷೆ ಬೇಕು. ಶ್ವಾಸಕೋಶ ತಜ್ಞರನ್ನೋ, ಕಿವಿ-ಮೂಗು-ಗಂಟಲು ತಜ್ಞರನ್ನೋ ಈ ವಾರವೇ ಕಾಣಿ, ಪರೀಕ್ಷೆ ಎಲ್ಲಿ ಮಾಡಿಸಬೇಕೆಂದು ಅವರು ಹೇಳುತ್ತಾರೆ.

ಅಲ್ಲಿಯವರೆಗೆ ಅವರು ಸ್ಕೂಟರು ಓಡಿಸುವುದು ಬೇಡ. ಇವತ್ತು ರಾತ್ರಿ ಗೊರಕೆ ನಿಂತು ಮತ್ತೆ ಉಸಿರು ಎಳೆದುಕೊಳ್ಳುವುದನ್ನು ಐದು ನಿಮಿಷ ಮೊಬೈಲಿನಲ್ಲಿ ಚಿತ್ರೀಕರಿಸಿ. ತೋರಿಸಲು ಹೋಗುವಾಗ ಅದನ್ನೂ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿಯನ್ನೂ ಜೊತೆಗೆ ಒಯ್ಯಿರಿ.

ತೆಂಗಿನತೋಟ, ಕಡೂರು

ಸ್ಕೂಟರಿನ ಕೀಲಿ ತೆಗೆದಿಟ್ಟಿದ್ದೇನೆ, ಡಾಕ್ಟರೇ. ಸೋಮವಾರ ಕರೆದುಕೊಂಡು ಹೋಗುತ್ತೇನೆ.